ಸದ್ದು ನಿಂತಿತೆಂದವನು

ದೈಫುಲ್ಲಾ ಕಾರಿನಿಂದಿಳಿದು ಬಾಗಿಲನ್ನು ಎರಡೂ ಅಂಗೈಗಳಿಂದ ಒತ್ತಿ, ಸದ್ದೇ ಆಗದಂತೆ ಮುಚ್ಚಿದ. ಅಮ್ಮಾನ್ ನಗರದ ಬಯಾದರಿನ ಗ್ಯಾರೇಜು ಬೀದಿಯಲ್ಲಿ ಯಾರೂ ಹಾಗೆ ಬಾಗಿಲು ಮುಚ್ಚುವುದಿಲ್ಲ. ಇಲ್ಲಿ ಬಾಗಿಲು ಧಡಾರೆನ್ನಬೇಕು, ಹಾರ್ನು ಬಡಿದುಕೊಳ್ಳಬೇಕು, ಬೀದಿಯ ಆ ತುದಿಯಿಂದಲೇ ಮೇಸ್ತ್ರಿಯನ್ನು ಕೂಗಬೇಕು. ಇಲ್ಲದಿದ್ದರೆ ಗಿರಾಕಿ ಬಂದದ್ದು ಯಾರಿಗೂ ಗೊತ್ತಾಗುವುದಿಲ್ಲ. ಮೂವತ್ತೆರಡು ವರ್ಷದಿಂದ ಇದೇ ಬೀದಿಯಲ್ಲಿ ಕಾರುಗಳ ಕರೆಂಟ್ ಕೆಲಸ ಮಾಡಿಕೊಂಡಿರುವ ಅಬು ಹಿಕ್ಮತ್ ಚಹದ ಲೋಟ ಕೆಳಗಿಟ್ಟು ಎದ್ದು ಬಂದ.

ಕಾರಿನ ಹಿಂದಿನ ಸೀಟಿನಿಂದ ಒಬ್ಬ ಹೆಂಗಸು, ಎಂಟೊಂಬತ್ತು ವರ್ಷದ ಒಂದು ಹುಡುಗಿ ಇಳಿದರು. ಹುಡುಗಿಯ ಕಿವಿಗೆ ದಪ್ಪ ಉಣ್ಣೆಯ ಟೋಪಿ. ಬಿಸಿಲು ಚುರುಗುಟ್ಟುತ್ತಿದ್ದರೂ ತಾಯಿ ಅದನ್ನು ಇನ್ನಷ್ಟು ಕೆಳಗೆ ಎಳೆದಳು. ಇಬ್ಬರೂ ರಸ್ತೆ ದಾಟಿ ಎದುರಿನ ಚಹದಂಗಡಿಯ ಒಳಕೋಣೆಗೆ ಹೋದರು. ಅವರು ಒಳಗೆ ಹೋಗಿ ಕುಳಿತದ್ದನ್ನು ಕಣ್ಣಾರೆ ಕಂಡ ಮೇಲೆಯೇ ದೈಫುಲ್ಲಾ ಬಾಯಿ ಬಿಟ್ಟ.

"ಮೇಸ್ತ್ರಿ, ಇದು ನಮ್ಮ ಯಜಮಾನ್ರ ಗಾಡಿ. ಮಆನಿಂದ ಅಮ್ಮಾನಿಗೆ ಹೋಟ್ಲು ಗಿರಾಕಿಗಳನ್ನ ಸಾಗಿಸ್ತೀನಿ. ಪೊಲೀಸ್ರು ವೇಗ ನೋಡೋಕೆ ಲೇಸರ್ ಬಿಡ್ತಾರಲ್ಲ, ಅದು ಬಿದ್ದ ಕೂಡ್ಲೆ ಕಿರುಚೋ ಡಬ್ಬಿ ಒಂದನ್ನ ಯಜಮಾನ್ರು ಹಾಕ್ಸಿದ್ದಾರೆ."

"ಹಾಕ್ಸದೆ ಇರೋರು ಯಾರಪ್ಪ? ಈಗೇನು, ಕಿರುಚ್ತಾ ಇಲ್ವಾ?"

"ಕಿರುಚುತ್ತೆ. ಅದೇ ಕಷ್ಟ." ದೈಫುಲ್ಲಾ ದನಿ ತಗ್ಗಿಸಿದ. "ನನ್ನ ಮಗಳು ಜುಮಾನಾಗೆ ಇದ್ದಕ್ಕಿದ್ದ ಹಾಗೆ ಚೂಪು ಸದ್ದು ಕೇಳಿದ್ರೆ ಫಿಟ್ಸ್ ಬರುತ್ತೆ. ತಿಂಗಳಿಗೊಂದ್ಸಲ ಇಲ್ಲಿ ಡಾಕ್ಟ್ರಿಗೆ ತೋರ್ಸೋಕೆ ಇದೇ ಗಾಡೀಲಿ ಕರ್ಕೊಂಡು ಬರ್ತೀನಿ. ಹೋದ ತಿಂಗಳು ಕತ್ರಾನಾ ಹತ್ರ ಪೊಲೀಸ್ರು ಲೇಸರ್ ಬಿಟ್ರು, ಇದು ಕಿರುಚ್ತು. ಹನ್ನೊಂದು ನಿಮಿಷ, ಮೇಸ್ತ್ರಿ. ಮರುಭೂಮಿ ರಸ್ತೇಲಿ ಹನ್ನೊಂದು ನಿಮಿಷ ಅವಳು ಉಸಿರಿಗೆ ಒದ್ದಾಡಿದ್ಳು. ಇನ್ನೊಂದ್ಸಲ ಹಾಗಾದ್ರೆ ಉಳಿಯೋದು ಕಷ್ಟ ಅಂತ ಇವತ್ತು ಡಾಕ್ಟ್ರು ಹೇಳಿದ್ದಾರೆ."

"ಹಾಗಿದ್ರೆ ಕಿತ್ತು ಬಿಸಾಕು."

"ಕಿತ್ರೆ ನನ್ನನ್ನೂ ಕಿತ್ತು ಬಿಸಾಕ್ತಾರೆ. ಕರೆಂಟ್ ಕಡಿದ್ರೂ ಅವರ ಫೋನಿಗೆ ಸುದ್ದಿ ಹೋಗುತ್ತೆ. ಡಬ್ಬಿ ನಡೀತಿರ್ಬೇಕು, ದೀಪ ಹತ್ತಬೇಕು, ಬಾಯಿ ಮಾತ್ರ ಮುಚ್ಚಬೇಕು. ಅದಕ್ಕೇಂತ ಒಂದು ಮ್ಯೂಟ್ ವೈರು ಇರುತ್ತಂತಲ್ಲ?"

ಇರುತ್ತದೆ. ಅಬು ಹಿಕ್ಮತ್ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ನೋಡಿದ. ಕಪ್ಪು ಡಬ್ಬಿಯ ಹಿಂದೆ, ಬಳಸದೆ ಸುತ್ತಿಟ್ಟ ಬೂದು ವೈರು. ಈ ಜಾತಿಯ ಡಬ್ಬಿಗಳನ್ನು ಅವನು ಹಿಂದೆ ಮೂರು ಕಾರುಗಳಿಗೆ ಹಾಕಿದ್ದ. ಬೂದು ವೈರನ್ನು ಕಾರಿನ ಲೋಹದ ಮೈಗೆ ಮುಟ್ಟಿಸಿ ಅರ್ತ್ ಕೊಟ್ಟರೆ ಬಜರ್ ಬಾಯಿ ಮುಚ್ಚುತ್ತಿತ್ತು. ನಡುವೆ ಒಂದು ಸ್ವಿಚ್ಚು ಹಾಕಿದರಾಯಿತು. ಅರ್ಧ ಗಂಟೆಯ ಕೆಲಸ.

ಕೈಗೆ ಅದು ಅರ್ಧ ಗಂಟೆಯ ಕೆಲಸವೇ. ಕಿವಿಯದು ಬೇರೆ ಕಥೆ. ಎರಡು ವರ್ಷದಿಂದ ಅಬು ಹಿಕ್ಮತ್‌ನಿಗೆ ಸಣ್ಣ ಚೂಪು ಸದ್ದುಗಳು ಕೇಳಿಸುತ್ತಿರಲಿಲ್ಲ. ಜನರ ಮಾತು ಕೇಳಿಸುತ್ತಿತ್ತು, ಲಾರಿ ಕೇಳಿಸುತ್ತಿತ್ತು, ಪಕ್ಕದ ಟಿಂಕರಿ ಅಂಗಡಿಯ ಯನಾಲ್‌ನ ಸುತ್ತಿಗೆಯಂತೂ ಬೇಡವೆಂದರೂ ಕೇಳಿಸುತ್ತಿತ್ತು. ಆದರೆ ಗುಬ್ಬಚ್ಚಿಗಳು ಮೂಕವಾಗಿದ್ದವು. ಸಿಳ್ಳೆ ಹಾಕುವ ಚಹದ ಕೆಟಲು ಸಿಳ್ಳೆ ಹಾಕಿ ಹಾಕಿ ತಳ ಸುಟ್ಟುಕೊಂಡಿತ್ತು. ವೈರು ಪರೀಕ್ಷಿಸುವ ಮೀಟರಿನ ಕೀಚು ಸದ್ದೂ ಹೋಗಿತ್ತು. ಅವನು ಅದರ ಅಂಕಿ ಓದುತ್ತಿದ್ದ, ಇಲ್ಲವೇ ಟೆಸ್ಟ್ ಲ್ಯಾಂಪ್ ಹಚ್ಚುತ್ತಿದ್ದ. ಕಣ್ಣಿನಿಂದ ಆಗುವುದನ್ನೆಲ್ಲ ಕಣ್ಣಿಗೆ ವಹಿಸಿಬಿಟ್ಟಿದ್ದ.

ಯಾರಿಗೂ ಹೇಳಿರಲಿಲ್ಲ. ಹೇಳುವುದಾದರೂ ಹೇಗೆ? ಈಗಿನ ಕಾರು ಬೆಲ್ಟ್ ಹಾಕದಿದ್ದರೆ ಕೀಚೆನ್ನುತ್ತದೆ, ಬಾಗಿಲು ತೆರೆದರೆ ಕೀಚೆನ್ನುತ್ತದೆ, ಹಿಂದಕ್ಕೆ ಹೋದರೆ ಕೀಚೆನ್ನುತ್ತದೆ. ಅದು ಕೇಳಿಸದ ಕರೆಂಟ್ ಮೇಸ್ತ್ರಿಯ ಹತ್ತಿರ ಯಾವ ಹುಚ್ಚ ಗಾಡಿ ಬಿಡುತ್ತಾನೆ? ಈ ಬೀದಿಯಲ್ಲಿ ಒಬ್ಬ ಮೇಸ್ತ್ರಿಯ ಹೆಸರು ಕೆಡುವುದಕ್ಕೆ ಒಂದು ಮಧ್ಯಾಹ್ನ ಸಾಕು. ಅಬು ಹಿಕ್ಮತ್‌ನಿಗೆ ಭಯವಿತ್ತು, ಭಯಕ್ಕಿಂತ ಹೆಚ್ಚಾಗಿ ನಾಚಿಕೆಯಿತ್ತು.

ಸ್ವಿಚ್ಚು ಕೂರಿಸಿದ. ಬೂದು ವೈರಿನ ತುದಿ ಬಿಡಿಸಿ, ಸ್ವಿಚ್ಚಿಗೆ ಕೊಟ್ಟು, ಅಲ್ಲಿಂದ ಬಾಡಿಯ ಬೋಲ್ಟಿಗೆ ಬಿಗಿದ. ಬೋಲ್ಟಿನ ಬಣ್ಣ ಕೆರೆದು, ಟೆಸ್ಟ್ ಲ್ಯಾಂಪ್ ಹಿಡಿದು ನೋಡಿದ. ದೀಪ ಪ್ರಕಾಶವಾಗಿ ಹತ್ತಿತು. ಕಣ್ಣಿನ ಕೆಲಸ ಅಲ್ಲಿಗೆ ಮುಗಿಯಿತು.

ಇನ್ನು ಉಳಿದದ್ದು ಪರೀಕ್ಷೆ. ಅದಕ್ಕೆ ಅವನ ಹತ್ತಿರ ಬೇಟೆಗಾರರು ದೂರ ಅಳೆಯುವ ಪುಟ್ಟ ದುರ್ಬೀನೊಂದಿತ್ತು. ಅದು ಬಿಡುವುದೂ ಲೇಸರನ್ನೇ. ಬಂಪರಿಗೆ ಗುರಿಯಿಟ್ಟು ಒತ್ತಿದರೆ ಡಬ್ಬಿ ಪೊಲೀಸರೇ ಬಂದರೆಂದು ತಿಳಿಯುತ್ತದೆ. ದೀಪ ಕೆಂಪಾಗುತ್ತದೆ, ಬಜರ್ ಕಿರುಚುತ್ತದೆ. ಮ್ಯೂಟ್ ಹಾಕಿದ ಮೇಲೂ ದೀಪ ಕೆಂಪಾಗಿಯೇ ಇರುತ್ತದೆ, ನಿಲ್ಲುವುದು ಸದ್ದು ಮಾತ್ರ. ಅಂದರೆ ಈ ಒಂದು ಕೆಲಸ ಆಯಿತೋ ಇಲ್ಲವೋ ಎಂದು ಹೇಳುವುದಕ್ಕೆ ಕಿವಿಯ ಹೊರತು ಬೇರೆ ಸಾಕ್ಷಿಯಿಲ್ಲ.

"ನಾನು ಒಳಗೆ ಕೂತ್ಕೊಳ್ಲಾ ಮೇಸ್ತ್ರಿ? ನೀವು ಹೊರಗಿಂದ ಲೇಸರ್ ಬಿಡಿ," ಎಂದ ದೈಫುಲ್ಲಾ.

ಹೂಂ ಎಂದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅಬು ಹಿಕ್ಮತ್‌ನ ನಾಲಿಗೆ ಅವನಿಗಿಂತ ಮುಂದೆ ಓಡಿತು.

"ಮೇಸ್ತ್ರಿ ನೀನೋ ನಾನೋ? ನನ್ನ ಕೆಲಸ ನಾನೇ ಕೇಳಿ ನೋಡ್ಬೇಕು. ನೀನು ಅಲ್ಲಿ ಹತ್ತು ಹೆಜ್ಜೆ ದೂರ ನಿಂತ್ಕೊಂಡು ನಂಬರ್ ಪ್ಲೇಟಿಗೆ ಹಿಡಿ. ಕಿರುಚಿದ್ರೆ ಹೆಬ್ಬೆರಳು ಎತ್ತುತ್ತೀನಿ. ಸದ್ದಿಲ್ದೆ ಇದ್ರೆ ಅಂಗೈ ಆಡಿಸ್ತೀನಿ."

ಎದುರಂಗಡಿಯ ಹುಡುಗಿಗೆ ಕೇಳಿಸಬಾರದೆಂದು ಕಾರಿನ ಗಾಜುಗಳನ್ನೆಲ್ಲ ಏರಿಸಿಕೊಂಡ. ಎಂಜಿನ್ ಹಚ್ಚದೆ ಕೀಲಿ ಮಾತ್ರ ತಿರುಗಿಸಿದ. ಪಕ್ಕದಲ್ಲಿ ಯನಾಲ್‌ನ ಕಂಪ್ರೆಸರ್ ಗುಡುಗುತ್ತಿತ್ತು. ಗಾಜು ಏರಿಸಿದ್ದರಿಂದ ಆ ಗುಡುಗು ಒಳಗೆ ಅವನಿಗೆ ಕೇಳಿಸುತ್ತಿರಲಿಲ್ಲ, ಅದರ ಅದುರು ಮಾತ್ರ ನೆಲದಿಂದ ಕಾರಿಗೆ, ಕಾರಿನಿಂದ ಸೀಟಿಗೆ ಹತ್ತುತ್ತಿತ್ತು.

ಮೊದಲ ಸಲ ಸ್ವಿಚ್ಚು ಹಾಕದೆ. ದೈಫುಲ್ಲಾ ದುರ್ಬೀನು ಒತ್ತಿದ. ದೀಪ ಕೆಂಪಾಯಿತು. ಈಗ ಬಜರ್ ಕಿರುಚುತ್ತಿರಬೇಕು. ಅಬು ಹಿಕ್ಮತ್‌ನಿಗೆ ಅದು ಕೇಳಿಸಲಿಲ್ಲ. ಅವನು ಮೆಲ್ಲನೆ ಎರಡು ಬೆರಳನ್ನು ಡ್ಯಾಶ್‌ಬೋರ್ಡಿನಡಿ ತೂರಿಸಿ ಬಜರಿನ ಮೇಲಿಟ್ಟ. ಬೆರಳ ತುದಿಗೆ ಸಣ್ಣ ಅದುರು. ಸಮಾಧಾನವಾಯಿತು. ಹೆಬ್ಬೆರಳೆತ್ತಿದ.

ಎರಡನೆಯ ಸಲ ಸ್ವಿಚ್ಚು ಹಾಕಿದ. ದೀಪ ಮತ್ತೆ ಕೆಂಪಾಯಿತು. ಬೆರಳು ಬಜರಿನ ಮೇಲೆ, ಗಮನವೆಲ್ಲ ಬೆರಳ ತುದಿಯಲ್ಲೇ. ಅದುರು ಇತ್ತು. ಮೊದಲಿನಷ್ಟಿಲ್ಲ ಅನ್ನಿಸಿತು. ಮೊದಲಿನಷ್ಟೇ ಇದೆ ಎಂದೂ ಅನ್ನಿಸಿತು. ಕಂಪ್ರೆಸರಿನದೇ ಇರಬೇಕು, ಈ ದರಿದ್ರ ಯಂತ್ರದಿಂದ ಇಡೀ ಬೀದಿಯೇ ಅದುರುತ್ತದೆ ಎಂದುಕೊಂಡ. ಲ್ಯಾಂಪ್ ಹತ್ತಿದೆ, ವೈರು ಸರಿಯಾಗಿದೆ, ಇದೇ ಕೆಲಸ ಮೂರು ಸಲ ಮಾಡಿದ್ದೇನೆ, ತಪ್ಪುವುದೆಲ್ಲಿ? ಗಾಜಿನಾಚೆ ದೈಫುಲ್ಲಾ ದುರ್ಬೀನು ಇಳಿಸಿ ಅವನ ಮುಖವನ್ನೇ ನೋಡುತ್ತಿದ್ದ.

ಅಬು ಹಿಕ್ಮತ್ ಅಂಗೈ ಆಡಿಸಿದ.

ದೈಫುಲ್ಲಾ ಓಡಿ ಬಂದು ಬಾಗಿಲು ತೆಗೆದು, ಅವನ ಹೆಗಲಿಗೆ ಮುತ್ತಿಟ್ಟ. "ನಿಮ್ಮ ಕೈ ತಣ್ಣಗಿರಲಿ ಮೇಸ್ತ್ರಿ! ನಿಮ್ಮ ಮಕ್ಕಳು ಮೊಮ್ಮಕ್ಕಳು ಚೆನ್ನಾಗಿರಲಿ!" ಎಂದು ಎದುರಂಗಡಿಗೆ ಹೋಗಿ ಹೆಂಡತಿ ಮಗಳನ್ನು ಕರೆತಂದ. ಜುಮಾನಾ ಹಿಂದಿನ ಸೀಟು ಹತ್ತುವ ಮುಂಚೆ ನಿಂತಳು. ಡ್ಯಾಶ್‌ಬೋರ್ಡಿನ ಕಡೆ ಒಮ್ಮೆ, ಅಬು ಹಿಕ್ಮತ್‌ನ ಕಡೆ ಒಮ್ಮೆ ನೋಡಿದಳು.

"ಅಜ್ಜಾ, ಅದು ಇನ್ಮೇಲೆ ಕಿರುಚಲ್ವಾ?"

"ಕಿರುಚಲ್ಲಮ್ಮಾ."

"ನೀವೇ ಕೇಳಿ ನೋಡಿದ್ರಾ?"

"ಹೂಂ," ಎಂದ ಅಬು ಹಿಕ್ಮತ್. ಹುಡುಗಿ ನಂಬಿದಳು. ಟೋಪಿ ಸಡಿಲಿಸಿಕೊಂಡು ಹತ್ತಿ ಕುಳಿತಳು. ಕಾರು ಬೀದಿಯ ಗುಂಡಿಗಳಲ್ಲಿ ಮೆಲ್ಲಮೆಲ್ಲನೆ ಹೊರಟಿತು. ಬೀದಿ ಮುಗಿದರೆ ದೊಡ್ಡ ರಸ್ತೆ. ಅಲ್ಲಿಂದ ವಿಮಾನ ನಿಲ್ದಾಣದ ರಸ್ತೆಗೆ ಇಳಿದರೆ ಮೊದಲ ಸೇತುವೆಯ ಕೆಳಗೇ ಪೊಲೀಸರು ಲೇಸರ್ ಹಿಡಿದು ನಿಂತಿರುತ್ತಾರೆ.

ಕೈ ಒರೆಸಿಕೊಳ್ಳುತ್ತ ಅಬು ಹಿಕ್ಮತ್ ಅಂಗಡಿಗೆ ತಿರುಗಿದ. ಒಳಗೆ ಯನಾಲ್ ಅವನ ಡಬ್ಬಗಳನ್ನೆಲ್ಲ ಕೆದಕುತ್ತ ನಿಂತಿದ್ದ.

"ಏಯ್ ಮುದುಕಾ, ನಿನ್ನ ಹತ್ರ ಬೆಲ್ಟ್ ಇದೆಯಾ? ಕಂಪ್ರೆಸರ್ ಬೆಲ್ಟ್ ಪಟ್ಟಂತ ಹರಿದೋಯ್ತು."

"ಈಗ್ಲಾ?"

"ಈಗೆಲ್ಲಿ? ನೀನು ಕಾರೊಳಗೆ ಮದುಮಗನ ಹಾಗೆ ಕೂತು ಹೆಬ್ಬೆರಳು ಎತ್ತಿದ್ಯಲ್ಲ, ಆಗ್ಲೇ ನಿಂತೋಯ್ತು. ಹೊರಗೆ ಬಂದು ಬೈತಾ ನಿಂತಿದ್ನಲ್ಲ, ನೋಡ್ಲಿಲ್ವಾ?"

ಅಬು ಹಿಕ್ಮತ್‌ನ ಕೈಯಿಂದ ಬಟ್ಟೆ ಜಾರಿತು. ಹೆಬ್ಬೆರಳು ಎತ್ತಿದ್ದು ಮೊದಲನೆಯ ಸಲ. ಎರಡನೆಯ ಸಲ ಕಂಪ್ರೆಸರ್ ನಡೆಯುತ್ತಲೇ ಇರಲಿಲ್ಲ. ಎಂಜಿನ್ನೂ ಹಚ್ಚಿರಲಿಲ್ಲ. ಹಾಗಾದರೆ ಬೆರಳಿಗೆ ಸಿಕ್ಕ ಅದುರು ಯಾವುದು? ಬಜರಿನದಲ್ಲದೆ ಇನ್ಯಾವುದೂ ಆಗಿರುವುದು ಸಾಧ್ಯವಿರಲಿಲ್ಲ. ಸ್ವಿಚ್ಚು ಹಾಕಿದ ಮೇಲೂ ಅದು ಅವನ ಬೆರಳಡಿಯಲ್ಲೇ ಕಿರುಚುತ್ತಿತ್ತು. ಅವನು ಅಂಗೈ ಆಡಿಸಿದ್ದ.

ಓಡಿದ. ಅರವತ್ತೊಂದು ವರ್ಷದ, ಬಲ ಮೊಣಕಾಲು ಕೆಟ್ಟ ಮನುಷ್ಯ ಓಡುವುದನ್ನು ಆ ಬೀದಿ ಎಂದೂ ಕಂಡಿರಲಿಲ್ಲ. ಜನ ಅಂಗಡಿಗಳಿಂದ ಹೊರಬಂದು ನೋಡಿದರು. ಯನಾಲ್ ಹಿಂದೆಯೇ ಓಡಿಬಂದು, "ಏನಾಯ್ತೋ? ದುಡ್ಡು ಕೊಡ್ದೆ ಹೋದ್ನಾ? ತಡಿ, ಹಾರ್ನ್ ಹೊಡೆದು ನಿಲ್ಲಿಸ್ತೀನಿ," ಎಂದು ನಿಂತಿದ್ದ ವ್ಯಾನೊಂದರ ಕಿಟಕಿಯೊಳಗೆ ಕೈ ಹಾಕಿದ.

"ಬೇಡ! ಹಾರ್ನ್ ಬೇಡ! ಕೂಗಬೇಡ!" ಎಂದು ಅಬು ಹಿಕ್ಮತ್ ಗಂಟಲೊಳಗೇ ಕೂಗಿದ.

ಬೀದಿಯ ತುದಿಯಲ್ಲಿ ತರಕಾರಿ ಗಾಡಿಯೊಂದು ಅಡ್ಡ ಬಂದು ದೈಫುಲ್ಲಾನ ಕಾರು ನಿಧಾನಿಸಿತ್ತು. ಅಬು ಹಿಕ್ಮತ್ ಅದರ ಡಿಕ್ಕಿಯನ್ನು ಮುಟ್ಟುವಷ್ಟು ಹತ್ತಿರಕ್ಕೆ ಬಂದ. ಬಡಿಯಲು ಕೈ ಎತ್ತಿದ. ಹಿಂದಿನ ಗಾಜಿನಲ್ಲಿ ಜುಮಾನಾಳ ಟೋಪಿ ಕಾಣಿಸಿತು. ಧಬ್ಬೆಂದು ಒಂದು ಏಟು ಬಿದ್ದರೆ ಬಜರಿನ ಕೆಲಸವನ್ನು ಅವನ ಕೈಯೇ ಮಾಡಿಬಿಡುತ್ತಿತ್ತು. ಎತ್ತಿದ ಕೈಯನ್ನು ಹಾಗೇ ಹಿಂದಕ್ಕೆಳೆದುಕೊಂಡ. ಅಷ್ಟರಲ್ಲಿ ತರಕಾರಿ ಗಾಡಿ ಸರಿಯಿತು, ಕಾರು ಮುಂದಕ್ಕೆ ಉರುಳಿತು. ಬಡಿಯುವಂತಿಲ್ಲ, ಕೂಗುವಂತಿಲ್ಲ, ಕಾರಿಗಿಂತ ಮುಂದೆ ಓಡುವುದೊಂದೇ ದಾರಿ. ಫುಟ್‌ಪಾತಿನ ಮೇಲೆ ಪೇರಿಸಿಟ್ಟ ಟೈರುಗಳನ್ನು ಬಳಸಿ, ಒಬ್ಬನ ಚಹದ ತಟ್ಟೆ ಬೀಳಿಸಿ, ಮೊಣಕಾಲು ಕುಯ್ಯೋ ಅನ್ನುತ್ತಿದ್ದರೂ ಓಡಿ, ದೊಡ್ಡ ರಸ್ತೆಯ ಬಾಯಲ್ಲಿ ಕಾರಿನ ಮುಂದೆ ಎರಡೂ ಕೈ ಚಾಚಿ ನಿಂತ.

ಬಂಪರು ಅವನ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿ ನಿಂತಿತು.

ದೈಫುಲ್ಲಾ ಗಾಜು ಇಳಿಸಿದ. "ಮೇಸ್ತ್ರಿ! ತಲೆ ಕೆಟ್ಟಿದೆಯಾ?"

ಅಬು ಹಿಕ್ಮತ್ ಕಿಟಕಿಗೆ ಬಾಗಿದ. ಏದುಸಿರು ಬಿಡುತ್ತಿದ್ದ. ಸುತ್ತ ನಾಲ್ಕಾರು ಜನ ಕೂಡಿದ್ದರು. ಎಲ್ಲರೂ ಗುರುತಿನವರೇ, ಎಲ್ಲರೂ ಅವನ ಗಿರಾಕಿಗಳೇ.

"ಮಗೂನ ಇಳಿಸು ತಮ್ಮಾ. ಮೆಲ್ಲಗೆ."

"ಯಾಕೆ?"

"ಆ ಬಜರಿನ ಸದ್ದು ನನಗೆ ಕೇಳ್ಸಲ್ಲ." ಕೂಡಿದವರ ಕಡೆ ನೋಡದೆ ಮುಂದುವರಿಸಿದ. "ಎರಡು ವರ್ಷ ಆಯ್ತು. ಮೊದಲನೇ ಸಲಾನೂ ಕೇಳ್ಲಿಲ್ಲ, ಎರಡನೇ ಸಲಾನೂ ಕೇಳ್ಲಿಲ್ಲ. ಸುಮ್ನೆ ಕೈ ಆಡಿಸ್ದೆ. ಅದು ನಿಂತಿಲ್ಲ ಅನ್ಸುತ್ತೆ."

ದೈಫುಲ್ಲಾ ಒಂದು ಕ್ಷಣ ಅವನ ಬಾಯನ್ನೇ ನೋಡಿದ. ಆಮೇಲೆ ಇಳಿದು, ಹಿಂದಿನ ಬಾಗಿಲು ತೆಗೆದು, ಮಗಳನ್ನು ಎತ್ತಿ ತಾಯಿಯ ಕೈಗೆ ಕೊಟ್ಟ. ತಾಯಿ ಅವಳ ತಲೆಯನ್ನು ಎದೆಗೆ ಒತ್ತಿಕೊಂಡು ಚಹದಂಗಡಿಯತ್ತ ಬೇಗಬೇಗ ನಡೆದಳು.

ಕಾರನ್ನು ಗ್ಯಾರೇಜಿಗೆ ತಂದರು. ಈ ಸಲ ದೈಫುಲ್ಲಾ ಒಳಗೆ ಕುಳಿತ, ಗಾಜು ಏರಿಸಿದ, ಸ್ವಿಚ್ಚು ಹಾಕಿದ. ಅಬು ಹಿಕ್ಮತ್ ಹತ್ತು ಹೆಜ್ಜೆ ದೂರದಿಂದ ದುರ್ಬೀನು ಹಿಡಿದು ಒತ್ತಿದ. ಗಾಜಿನ ಹಿಂದೆ ದೈಫುಲ್ಲಾನ ಎರಡೂ ಕೈ ಕಿವಿಗೆ ಹೋದವು. ಮುಖ ಕಿವುಚಿಕೊಂಡಿತು. ಅಬು ಹಿಕ್ಮತ್‌ನಿಗೆ ಕಾರಿನಿಂದ ಯಾವ ಸದ್ದೂ ಕೇಳಿಸಲಿಲ್ಲ. ಅವನು ನಿಂತು ಆ ಮುಖ ನೋಡಿದ. ಅಷ್ಟು ದೊಡ್ಡವನಿಗೇ ಹೀಗಾದರೆ ಆ ಮಗುವಿಗೆ ಹೇಗಾಗಿರಬೇಡ ಎಂದುಕೊಂಡು ದುರ್ಬೀನು ಇಳಿಸಿದ.

ದೈಫುಲ್ಲಾ ಬಾಗಿಲು ಒದ್ದು ಹೊರಬಂದ. ಈಗ ಸದ್ದಿನ ಚಿಂತೆ ಅವನಿಗಿರಲಿಲ್ಲ.

"ನನ್ನ ಮಗಳ ಜೀವ ನಿಮ್ಮ ಕೈಲಿ ಇಟ್ಟಿದ್ದೆ! ನಾನೇ ಒಳಗೆ ಕೂತ್ಕೋತೀನಿ ಅಂದೆ, ಬೇಡ ಅಂದ್ರಿ! ಅವಳು ಕೇಳಿದ್ಲಲ್ಲ, ನೀವೇ ಕೇಳಿ ನೋಡಿದ್ರಾ ಅಂತ? ಮಗು ಮುಖ ನೋಡ್ಕೊಂಡು ಹೂಂ ಅಂದ್ರಲ್ಲ, ನಾಚ್ಕೆ ಆಗ್ಲಿಲ್ವಾ ನಿಮ್ಗೆ? ಥೂ ನಿಮ್ಮ ಮೇಸ್ತ್ರಿಗಿರಿಗೆ!"

ಬೈಗುಳ ಮಾತ್ರ ಒಂದಕ್ಷರವೂ ಬಿಡದೆ ಕೇಳಿಸಿತು. ಯನಾಲ್ ನಡುವೆ ಬಂದು, "ಬಿಡಪ್ಪ, ಬಿಡು, ವಯಸ್ಸಾದವ್ನು," ಎಂದ. ಅಬು ಹಿಕ್ಮತ್ ಅವನನ್ನು ಪಕ್ಕಕ್ಕೆ ಸರಿಸಿದ. "ಬೈಲಿ ಬಿಡೋ. ಸರಿಯಾಗೇ ಬೈತಿದ್ದಾನೆ," ಎಂದು ಮತ್ತೆ ಡ್ಯಾಶ್‌ಬೋರ್ಡಿನಡಿ ಮಲಗಿದ.

ಹಿಂದೆ ಹಾಕಿದ ಮೂರು ಡಬ್ಬಿಗಳೂ ಅರ್ತ್ ಕೇಳುತ್ತಿದ್ದವು. ಇದು ಹೊಸ ನಮೂನೆ. ಡಬ್ಬಿಯ ಸ್ಕ್ರೂ ಬಿಚ್ಚಿ, ಕರೆಂಟ್ ಕಡಿಯದೆ ಹೊರಗೆಳೆದು ಬೆನ್ನಿನ ಚೀಟಿ ನೋಡಿದಾಗ ಬೂದು ವೈರಿನ ಚಿತ್ರದ ಪಕ್ಕ ಸಣ್ಣದೊಂದು ಪ್ಲಸ್ ಗುರುತು ಕಂಡಿತು: ಅರ್ತಿಗಲ್ಲ, ಬ್ಯಾಟರಿಯ ಪ್ಲಸ್ಸಿಗೆ ಕೊಡಬೇಕು. ಕೇಳುವ ಕಿವಿಯಿದ್ದವನು ಮೊದಲ ಪರೀಕ್ಷೆಯಲ್ಲೇ ಬೈದುಕೊಂಡು ವೈರು ಬದಲಿಸುತ್ತಿದ್ದ, ಅಷ್ಟೇ. ಅಬು ಹಿಕ್ಮತ್ ವೈರನ್ನು ಬೋಲ್ಟಿನಿಂದ ಬಿಡಿಸಿ, ನಡುವೆ ಫ್ಯೂಸ್ ಹಾಕಿ ಪ್ಲಸ್ಸಿಗೆ ಕೊಟ್ಟ.

ದೈಫುಲ್ಲಾ ಮತ್ತೆ ಒಳಗೆ ಕುಳಿತ. ಸ್ವಿಚ್ಚಿಲ್ಲದೆ ಒಮ್ಮೆ, ಮುಖ ಕಿವುಚಿತು. ಸ್ವಿಚ್ಚು ಹಾಕಿ ಒಮ್ಮೆ, ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಇನ್ನೊಮ್ಮೆ ಎಂದು ಕೈಸನ್ನೆ ಮಾಡಿದ. ಮತ್ತೂ ಒಮ್ಮೆ. ಆಮೇಲೆ ಹೆಂಡತಿಯನ್ನು ಕರೆದು ಕೂರಿಸಿ ಅವಳ ಕಿವಿಯಿಂದಲೂ ಕೇಳಿಸಿದ. ಅವಳು ಸದ್ದಿಲ್ಲವೆಂದು ತಲೆಯಾಡಿಸಿದಳು. ಯನಾಲ್ ಕೂಡ ಹತ್ತಿ ಕುಳಿತು ಕೇಳಿ, ಇಳಿದು, ಏನೂ ತಮಾಷೆ ಮಾಡದೆ ಹೋದ.

ಜುಮಾನಾ ಈ ಸಲ ಯಾರನ್ನೂ ಏನೂ ಕೇಳದೆ ತಂದೆಯ ಮುಖ ನೋಡಿ ಹತ್ತಿದಳು. ದೈಫುಲ್ಲಾ ಸ್ಟಿಯರಿಂಗ್ ಹಿಡಿದು ಕುಳಿತು ಗಾಜು ಇಳಿಸಿದ.

"ಓಡಿ ಬಂದು ನಿಲ್ಸಿದ್ರಿ. ಅದನ್ನ ಮರೆಯಲ್ಲ," ಎಂದ. ಕೋಪ ಇನ್ನೂ ಆರಿರಲಿಲ್ಲ. "ಆದ್ರೆ ಒಂದು ಮಾತು ಹೇಳಿ ಮೇಸ್ತ್ರಿ. ಈ ಎರಡು ವರ್ಷದಲ್ಲಿ ಇನ್ನೆಷ್ಟು ಗಾಡಿಗೆ ಹೀಗೆ ಕೈ ಆಡಿಸಿದ್ದೀರಿ?"

ಉತ್ತರಕ್ಕೆ ಕಾಯದೆ ಹೊರಟುಹೋದ.

ಅಬು ಹಿಕ್ಮತ್ ಸ್ಟೂಲಿನ ಮೇಲೆ ಕುಳಿತು ಗಾಡಿಗಳನ್ನು ನೆನೆಯತೊಡಗಿದ. ಬೆಲ್ಟಿನ ಬಜರ್ ಸರಿಮಾಡಿಸಿಕೊಂಡ ಟ್ಯಾಕ್ಸಿಯವನು. ಎಂಜಿನ್ ಕಾದರೆ ಕೂಗುವ ಸೈರನ್ ಹಾಕಿಸಿಕೊಂಡ ನೀರಿನ ಲಾರಿ. ಆಮೇಲೆ ಚಳಿಗಾಲದಲ್ಲಿ ಬಂದಿದ್ದ ಶಿಶುವಿಹಾರದ ವ್ಯಾನು. ಅದನ್ನು ಓಡಿಸುವವಳು ಉಮ್ ಬಾಸಿಲ್. ಹಿಂದಕ್ಕೆ ಬರುವಾಗ ಕೂಗುವ ಬಜರನ್ನು ಅವನೇ ಕೂರಿಸಿದ್ದ. ಹಿಂದಿನ ದೀಪ ಹತ್ತಿದ್ದು ಕಂಡು, ಎಲ್ಲ ಸರಿಯಿದೆ ಎಂದು ಕಳುಹಿಸಿದ್ದ. ಆ ವ್ಯಾನಿನ ಹಿಂದೆ ಮಕ್ಕಳು ಓಡಾಡುತ್ತಾರೆ. ಫೋನ್ ತೆಗೆದ.

"ಉಮ್ ಬಾಸಿಲ್, ವ್ಯಾನ್ ಎಲ್ಲಿದೆ?"

"ಅಂಗಳದಲ್ಲಿ. ಮಕ್ಳು ಬಿಡೋ ಹೊತ್ತು, ಬೇಗ ಹೇಳಿ ಮೇಸ್ತ್ರಿ."

"ಮಕ್ಕಳನ್ನ ಹೊರಗೆ ಬಿಡ್ಬೇಡಿ. ಬ್ರೇಕ್ ಒತ್ತಿ ಹಿಡಿದು ರಿವರ್ಸ್ ಹಾಕಿ. ಒಂದಿಂಚೂ ಹಿಂದಕ್ಕೆ ಬರಬೇಡಿ. ಕಿಟಕಿ ಇಳ್ಸಿ, ಏನಾದ್ರೂ ಕೇಳುತ್ತಾ ನೋಡಿ."

"ನೀವೇ ಹಾಕಿದ್ದು, ನೀವೇ ನೋಡಿದ್ದು. ಈಗೇನು ಹೊಸದಾಗಿ?"

"ದಮ್ಮಯ್ಯ, ಹಾಕಿ."

ಅವನು ಫೋನನ್ನು ಕಿವಿಗೆ ಒತ್ತಿಕೊಂಡ. ಎಂಜಿನ್ ಹತ್ತಿದ್ದು ಕೇಳಿಸಿತು. ಗೇರು ಖಟ್ಟೆಂದದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ. ಅವನು ಕಣ್ಣು ಮುಚ್ಚಿ ಕಾದ. ಪಕ್ಕದಲ್ಲಿ ಯನಾಲ್ ಸುತ್ತಿಗೆ ಕೆಳಗಿಟ್ಟು ಇವನನ್ನೇ ನೋಡುತ್ತಿದ್ದ. ಅವನ ಹಿಂದೆ ಇನ್ನಿಬ್ಬರು.

"ಏನಾಯ್ತು ಉಮ್ ಬಾಸಿಲ್?"

"ಏನಾಗೋದು? ಕಿವಿ ಕಿತ್ತೋಗೋ ಹಾಗೆ ಕೂಗ್ತಾ ಇದೆಯಲ್ಲ! ಇಷ್ಟು ಜೋರಾಗಿ ಕೂಗ್ತಿದೆ, ನಿಮಗೆ ಕೇಳಿಸ್ತಾ ಇಲ್ವಾ?"

"ಇಲ್ಲಮ್ಮಾ," ಎಂದ ಅಬು ಹಿಕ್ಮತ್, ಬೀದಿಯವರೆಲ್ಲ ಕೇಳುವ ಹಾಗೆ. "ನನಗೆ ಕೇಳಿಸಲ್ಲ."

ಆಮೇಲೆ ನೀರಿನ ಲಾರಿಯವನ ನಂಬರು ಹುಡುಕಿದ.